ನರ್ಸಮ್ಮ ಕುಡಿದ ಕಷಾಯ

ಎದುರು ಸಿಕ್ಕವರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡುವುದು ನಮ್ಮ ನರ್ಸಮ್ಮನ ಅಭ್ಯಾಸ. ಸಂತೆಯಾದರೂ ಸರಿ, ಬಸ್ಸಾದರೂ ಸರಿ. "ರಕ್ತ ಕಮ್ಮಿ ಐತೆ, ನಾಳೆ ಆಸ್ಪತ್ರೆ ತಾವ ಬರ್ರಿ" ಅನ್ನುವರು. ಅವರ ಕಣ್ಣೇ ಬಿಳುಚಿಕೊಂಡಿದ್ದನ್ನು ನಾವು ಯಾರೂ ಗಮನಿಸಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಟೀಚರ್ ಆಗಿ ಹೊಸದುರ್ಗಕ್ಕೆ ಬಂದಾಗ ಅವರ ಪಕ್ಕದ ಮನೆ ಬಾಡಿಗೆಗೆ ಸಿಕ್ಕಿತು. ನನಗೆ ಟೈಫಾಯ್ಡ್ ಬಂದಾಗ ಮಗ್ಗುಲಲ್ಲೇ ಕೂತು ಉಳಿಸಿಕೊಂಡವರು ಅವರು. ಅವರ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಾಯಿಯನ್ನು ನಾನು ಅಜ್ಜಿ ಅನ್ನುತ್ತಿದ್ದೆ; ಅವರು ಕುರಿ ಕಾಯುವವರ ಮನೆತನದವರು. ಅಡವಿಯ ಬೇರು, ಸೊಪ್ಪು ಕುದಿಸಿ ಮಗಳಿಗೆ ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ ಕೊಡುವರು. ಮಗಳು ಮುಖ ಕಿವುಚದೆ ಕುಡಿದು ಡ್ಯೂಟಿಗೆ ಹೊರಡುವರು. ಅಲ್ಲಿ ಮಾತ್ರ ರೋಗಿಗಳನ್ನು, "ನಾಟಿ ಔಷಧಿ ಏನಾದ್ರೂ ತಗಂಡಿದೀರಾ? ಮುಚ್ಚಿಡಬ್ಯಾಡ್ರಿ" ಎಂದು ಬಿಡದೆ ಕೇಳುವರು.

ಒಂದು ದಿನ ವಾರ್ಡಿನಲ್ಲೇ ಕುಸಿದರು. ಬೆಂಗಳೂರಿಗೆ ಕಳಿಸಿದರು, ಜೊತೆಗೆ ನಾನು ಹೋದೆ. ಅಲ್ಲಿ ರಕ್ತಕಣಗಳಿಗೆ ವಿಕಿರಣದ ಗುರುತು ಹಚ್ಚಿ, ಮತ್ತೆ ಮೈಗೆ ಸೇರಿಸಿ, ಅವು ಎಲ್ಲಿ ಸಾಯುತ್ತಿವೆ ಎಂದು ನೋಡುವ ಪರೀಕ್ಷೆಯಿತ್ತು. ಹೊಟ್ಟೆಯೊಳಗಿನ ಗುಲ್ಮ ಎಂಬ ಅಂಗದಲ್ಲಿ ಅಂತಾದರೆ, ಅದನ್ನು ತೆಗೆದು ಜೀವ ಉಳಿಸಬಹುದಿತ್ತು.

ಆದರೆ ಗುರುತು ಕಣಗಳಿಗೆ ಹಿಡಿಯಲೇ ಇಲ್ಲ. ನಾಟಿ ಔಷಧಿ ಏನಾದರೂ ತಗೊಂಡಿದ್ದೀರಾ ಎಂದು ಡಾಕ್ಟರು ಎರಡನೇ ಸಲ ಒತ್ತಿ ಕೇಳಿದಾಗ ನರ್ಸಮ್ಮ ಕಷಾಯದ ವಿಷಯ ಬಾಯಿಬಿಟ್ಟರು.

"ಅದೇ ಕಾರಣ ಅಂತ ಖಂಡಿತ ಹೇಳಲಾರೆ" ಎಂದರು ಡಾಕ್ಟರು. "ಕೆಲವು ಗಿಡದ ರಸ ಅಡ್ಡ ಬರಬಹುದು. ಕಷಾಯ ನಿಲ್ಲಿಸಿ ಮುಂದಿನ ತಿಂಗಳು ಬನ್ನಿ. ಮತ್ತೊಮ್ಮೆ ಮಾಡೋಣ."

ಹಿರಿಯೂರಿನಲ್ಲಿ ಬಸ್ಸು ಬದಲಿಸಲು ಕಾಯುತ್ತಿದ್ದಾಗ ನರ್ಸಮ್ಮ ತಲೆ ತಗ್ಗಿಸಿಯೇ ಮಾತಾಡಿದರು. "ಊರೋರ್ನೆಲ್ಲ ಕೇಳಿದೋಳು ನಾನು. ನನ್ನ ಕೇಳಿದಾಗ ಮೊದ್ಲು ಇಲ್ಲ ಅಂದ್ಬಿಟ್ಟೆ ಟೀಚರಮ್ಮ. ನರ್ಸಾಗಿ ಹೆಂಗ್ ಹೇಳ್ಲಿ ಅಂತ ನಾಚ್ಕೆ ಆತು."

"ಈಗಲಾದ್ರೂ ಅಜ್ಜಿಗೆ ಹೇಳಿ ನಿಲ್ಲಿಸ್ರಿ" ಎಂದೆ.

"ನಿನ್ನ ಕಷಾಯದಿಂದ ಪರೀಕ್ಷೆ ಕೆಡ್ತು ಅಂದ್ರೆ ಅವ್ವ ಉಣ್ಣಾದೇ ಬಿಡ್ತಾಳೆ."

ಮರುದಿನವೂ ಅಜ್ಜಿ ಲೋಟ ತಂದುಕೊಟ್ಟರು, ಮಗಳು ಕುಡಿದರು. ನಾನು ಕೇಳಿದಾಗಲೆಲ್ಲ ನಾಳೆ ಹೇಳುತ್ತೇನೆ ಅನ್ನುವರು. ಮತ್ತೆ ಬೆಂಗಳೂರಿಗೆ ಹೋಗುವ ಮೊದಲೇ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ನನ್ನನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಇನ್ನೂ ಮೊದ್ಲೇ ಕಷಾಯ ಶುರು ಮಾಡಿದ್ರೆ ಉಳಿತಿದ್ಲು, ಅಲ್ಲೇನವ್ವ?"

"ಉಳಿತಿದ್ರು ಅಜ್ಜಿ" ಎಂದೆ.