ಅಗ್ನಿಶಿಖೆಗೆ ಅಕ್ಷತೆಯ ಕಾವಲು

“ಅಯ್ಯೋ ಆಂಟಿ, ಅದೊಂದನ್ನ ಕೀಳ್ಬೇಡಿ!”

ಗೌರಿ ಹಬ್ಬದ ಬೆಳಗ್ಗೆ ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಕೂಗಿದೆ. ಶಂಕರಪುರಂನ ನಮ್ಮ ಬೀದಿಯ ಖಾಲಿ ಸೈಟಿನ ತಂತಿಬೇಲಿಯಲ್ಲಿ ಅರಳಿದ್ದ ಮೊದಲ ಹೂವಿಗೆ ಪಕ್ಕದ ಬೀದಿಯ ಹಿರಿಯ ಹೆಂಗಸೊಬ್ಬರು ಕೈ ಹಾಕಿದ್ದರು. ಅವರ ಕವರಿನಲ್ಲಿ ಆಗಲೇ ಎಲ್ಲರ ಕಾಂಪೌಂಡಿನ ದಾಸವಾಳ, ಕಣಗಿಲೆ ತುಂಬಿದ್ದವು.

ಎಲೆಯ ತುದಿಗಳು ಸುರುಳಿಯಾಗಿ ತಂತಿಗೆ ಸುತ್ತಿಕೊಂಡಾಗಲೇ ನಾನು ಬಳ್ಳಿಯ ಗುರುತು ಹಿಡಿದಿದ್ದೆ. ಅದು ಅಗ್ನಿಶಿಖೆ, ಕಾಡು ಲಿಲ್ಲಿ. ನಮ್ಮ ಕಡೆ ಈಗ ಕಾಣಸಿಗುವುದೇ ಅಪರೂಪ. ಹೂ ಕಿತ್ತರೆ ಬೀಜವಾಗುವುದಿಲ್ಲ ಎಂದು ಗೋಗರೆದೆ.

“ನಾನು ಬಿಟ್ರೆ ಇನ್ನೊಬ್ರು ಕೀಳ್ತಾರಲ್ಲಮ್ಮ” ಎಂದವರು ಮನೆಗೆ ಹೋಗಿ ಬಟ್ಟಲು ತಂದರು. ಬಳ್ಳಿಯಲ್ಲಿದ್ದ ಹೂವಿಗೇ ಕುಂಕುಮ, ಅಕ್ಷತೆ ಹಾಕಿ ಕೈಮುಗಿದರು. “ಇಲ್ಲೇ ಗೌರಿಗೆ ಅರ್ಪಿಸ್ಬಿಟ್ಟೆ. ಒಂದ್ಸಲ ದೇವ್ರಿಗೆ ಏರಿಸಿದ ಹೂವನ್ನ ಮತ್ತೆ ಪೂಜೆಗೆ ಯಾರೂ ಮುಟ್ಟಲ್ಲ.”

ನಿಜಕ್ಕೂ ಯಾರೂ ಮುಟ್ಟಲಿಲ್ಲ. ಆದರೆ ಬಳ್ಳಿಯ ತುಂಬ ಇನ್ನೂ ಮೊಗ್ಗುಗಳಿವೆ. ಯಾವುದು ಯಾವಾಗ ಅರಳುತ್ತದೋ ಎಂಬ ತಳಮಳದಲ್ಲಿ ನಿದ್ದೆ ಹತ್ತುತ್ತಿಲ್ಲ. ಮನೆಯ ದೇವರಿಗೆ ದೀಪ ಹಚ್ಚಲೂ ಪುರುಸೊತ್ತಿಲ್ಲದ ನಾನು, ಹೂ ಕೀಳುವವರು ಏಳುವ ಮೊದಲೇ ಅಕ್ಷತೆ ಬಟ್ಟಲು ಹಿಡಿದು ಬೀದಿಗೆ ಓಡುತ್ತೇನೆ.