ಏರಿನ ಮ್ಯಾಲ ವಿಚಾರಿಸಿದ್ದು

ಎಪ್ಪತ್ತರ ದಶಕದಾಗ ಅಕ್ಕಲಕೋಟ ರಸ್ತೆದ ಮ್ಯಾಲ ಓಟದ ಶರ್ಯತ್ತು ಇಟ್ಟಿದ್ರು. ದಾರಿ ತುಂಬ ಏರು, ಇಳಕಲು. ನಾ ಸೋಲಾಪುರದ ಅರಿವಿ ಅಂಗಡ್ಯಾಂವ. ನನ್ನ ಜೋಡಿ ಮುಂದಿದ್ದಾಂವ ಹಳ್ಳಿ ಕಡೆ ಒಬ್ಬ ಗಟ್ಟಿ ರೈತ. ಕಾಲಿನ ಬಲದಾಗ ಅವನ್ನ ಹಿಂದ ಹಾಕೂದು ಆಗದ ಮಾತು.

ಕಡೀ ಏರು ಬಂತು. ಗಿರಾಕಿನ್ನ ಕೇಳಿದಂಗ ಕೇಳಿದೆ: "ಯಾವೂರ್ರಿ ಪಾವಣೇರ?"

ನಮ್ಮ ಕಡೆ ಹಂಗ ಕೇಳಿದವರಿಗೆ ಅರ್ಧಾ ಉತ್ತರ ಕೊಟ್ರ ಮರ್ಯಾದಿ ಅಲ್ಲ. ಅಂವ ಏದಕೋತನ ಊರು ತಡವಳ ಅಂದ, ಅಪ್ಪನ ಹೆಸರು ಹೇಳಿದ, ಹೆಂಡ್ತಿ ತವರು ಭಂಡಾರಕವಠೆ ಅಂದ. ನಾ ಬರೇ ಗೋಣು ಹಾಕಿದೆ. ಮಾತು ಮಾವನ ಹೊಲಕ್ಕ ಬರೂದ್ರಾಗ ಏರೂ ಮುಗೀತು, ಅವನ ಉಸಿರೂ ಮುಗೀತು. ಇಳಕಲದಾಗ ನಾ ಒಬ್ಬನ ಹಾರಿದೆ.

ಗೆದ್ದ ಕಪ್ಪು ಹಿಡಕೊಂಡು ನಿಂತಾಗ ಅಂವ ಬಂದು ಕೇಳಿದ: "ಅಂದಂಗ, ನೀವು ಯಾವೂರವರ್ರಿ?"

ಈಗ ನನಗೇನು ಅವಸರ? ಮುತ್ಯಾನ ಮುತ್ಯಾನಿಂದ ಸುರು ಮಾಡಿದೆ.