ಕರ್ಜಗಿಯ ಹತ್ತಿ ಹೊಲ

ನನ್ನನ್ನು ಕಂಡರೆ ಅಕ್ಕೋರು ಸೀನುತ್ತಿದ್ದರು. ಒಂದಲ್ಲ, ಎರಡಲ್ಲ, ಪ್ರತಿ ಸಲವೂ ಮೂರು. ಮೊದಲ ಸೀನಿಗೆ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಎರಡನೆಯದಕ್ಕೆ ಅದನ್ನು ತೆಗೆದು ಮೇಜಿನ ಮೇಲಿಡುತ್ತಿದ್ದರು. ಮೂರನೆಯದು ಮುಗಿದ ಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು, ಇಡೀ ಕ್ಲಾಸಿಗೆ ಕೇಳುವಂತೆ ಹೇಳುತ್ತಿದ್ದರು: "ಬ್ಯಾಡಗಿ ಬಂತು. ಕಿಟಕಿ ತಗೀರಿ."

ಎಲ್ಲರೂ ನಗುತ್ತಿದ್ದರು. ನಾನು ಹೋಗಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದೆ. ವಾರವಿಡೀ ಮೆಣಸಿನಕಾಯಿ ಅಂಗಡಿಯಲ್ಲಿ ದುಡಿಯುವವನ ಅಂಗಿಯಿಂದ ಘಾಟು ಬರದೆ ಮಲ್ಲಿಗೆಯ ವಾಸನೆ ಬರುತ್ತದೆಯೇ? ಒಂದು ಭಾನುವಾರ ಪೆಟ್ಟಿಗೆಯಲ್ಲಿಟ್ಟಿದ್ದ ಮದುವೆಯ ಅಂಗಿ ಹಾಕಿಕೊಂಡು ಹೋದೆ. ಆಗಲೂ ಸೀನಿದರು. ಬೇಕಂತಲೇ ಸೀನುತ್ತಾರೆ ಎಂದು ಅವತ್ತು ಖಾತ್ರಿಯಾಯಿತು. ಆ ಅನುಮಾನ ನನಗೆ ಈಗಲೂ ಹೋಗಿಲ್ಲ.

ಅವರು ಹೈಸ್ಕೂಲಿನಿಂದ ನಿವೃತ್ತರಾದವರು, ಹಾವೇರಿಯಲ್ಲಿ ಒಬ್ಬರೇ ಇದ್ದರು. ರಾಣೆಬೆನ್ನೂರಿನ ಒಂದು ಕಾಲೇಜಿನ ಮಾಳಿಗೆಯ ಮೇಲೆ ಭಾನುವಾರಕ್ಕೊಮ್ಮೆ ನಮ್ಮಂಥ ದೂರಶಿಕ್ಷಣದವರಿಗೆ ಪಾಠ ನಡೆಯುತ್ತಿತ್ತು. ಪಾಠ ಹೇಳುವವರೂ, ನಮ್ಮ ಅಸೈನ್‌ಮೆಂಟು ತಿದ್ದುವವರೂ ಅವರೇ. ಮುಂಜಾನೆಯ ಪ್ಯಾಸೆಂಜರ್ ರೈಲಿಗೆ ಅವರು ಹಾವೇರಿಯಲ್ಲಿ ಹತ್ತುತ್ತಿದ್ದರು, ನಾನು ಬ್ಯಾಡಗಿಯಲ್ಲಿ. ಅವರು ಕೂತ ಡಬ್ಬಿ ಯಾವುದೆಂದು ನೋಡಿಕೊಂಡು ನಾನು ಬೇರೆ ಡಬ್ಬಿ ಹತ್ತುತ್ತಿದ್ದೆ. ಬೆಳ್ಳಂಬೆಳಗ್ಗೆ ಆ ಮುಖ ಯಾರಿಗೆ ಬೇಕಾಗಿತ್ತು?

ಎರಡು ಸಾವಿರದ ಮೂರನೇ ಇಸವಿಯಲ್ಲಿ, ಮದುವೆಯಾಗಿ ಮಗಳು ಹುಟ್ಟಿದ ಮೇಲೆ, ನಾನು ಬಿ.ಕಾಂ. ಕಟ್ಟಿದ್ದು ಜ್ಞಾನದ ಹಸಿವಿನಿಂದಲ್ಲ. ಚೀಲದೊಳಗಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದು, ಮುರಿದು, ಮೂಸಿ, ಎಷ್ಟು ಒಣಗಿದೆ, ಈ ವರ್ಷದ್ದೋ ಹೋದ ವರ್ಷದ್ದೋ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಮಸ್ಕತ್ತಿನ ಮಸಾಲೆ ಕಂಪನಿಯೊಂದರ ಪರವಾಗಿ ನಮ್ಮ ಪೇಟೆಗೆ ಮಾಲು ಕೊಳ್ಳಲು ಬರುತ್ತಿದ್ದ ಏಜೆಂಟರು ನನ್ನ ಮೂಗು ಮೆಚ್ಚಿದ್ದರು. ಅಲ್ಲಿ ಮಾಲು ಪರೀಕ್ಷೆ ಮಾಡುವ ಸೂಪರ್‌ವೈಸರ್ ಕೆಲಸ ಕೊಡಿಸುತ್ತೇನೆ, ಆದರೆ ಡಿಗ್ರಿ ಬೇಕು ಎಂದರು. ಡಿಗ್ರಿ ಇದ್ದವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಕಂಪನಿ ಮನೆ ಕೊಡುತ್ತದೆ. ಇಲ್ಲದವನು ಕೂಲಿಯ ವೀಸಾದ ಮೇಲೆ ಒಂಟಿಯಾಗಿ ಹೋಗಬೇಕು.

ಒಂಟಿಯಾಗಿ ಹೋದವರ ಪಾಡು ನಮಗೆ ಗೊತ್ತಿತ್ತು. ಅಗಡಿಯಲ್ಲಿದ್ದ ನನ್ನ ಹೆಂಡತಿಯ ಅಣ್ಣ ಹಾಗೇ ಹೋಗಿದ್ದ. ಎರಡು ವರ್ಷಕ್ಕೆ ಊರಿಗೆ ಬಂದಾಗ ಅವನ ಮಗ ಅವನನ್ನೇ "ಕಾಕಾ, ನಮ್ಮಪ್ಪ ಯಾವಾಗ ಬರತಾನ?" ಎಂದು ಕೇಳಿದ್ದ. ಅದನ್ನು ಕಣ್ಣಾರೆ ಕಂಡ ನನ್ನ ಹೆಂಡತಿ ಕರಾರು ಹಾಕಿದಳು: "ಹ್ವಾದ್ರ ಮೂರೂ ಮಂದಿ ಹೋಗೂಣ್ರಿ. ಇಲ್ಲಾಂದ್ರ ಮೆಣಸಿನಕಾಯಿ ಮುರಕೊಂತ ಇಲ್ಲೇ ಇರೂಣು."

ಮೂರನೇ ವರ್ಷಕ್ಕೆ ಬಂದಿದ್ದೆ. ನಮ್ಮಲ್ಲಿ ಅಸೈನ್‌ಮೆಂಟಿಗೆ ಒಂದು ಪದ್ಧತಿ ಇತ್ತು. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಹಿಂದಿನ ವರ್ಷದವರು ಬರೆದ ಉತ್ತರಗಳ ಕಟ್ಟು ಸಿಗುತ್ತಿತ್ತು. ಅದನ್ನು ತಂದು ನಮ್ಮ ಅಕ್ಷರದಲ್ಲಿ ಇಳಿಸುವುದು. ಅದನ್ನು ಕಳ್ಳತನ ಎಂದು ಯಾರೂ ಭಾವಿಸಿರಲಿಲ್ಲ, ಹತ್ತರ ಕೂಡ ಹನ್ನೊಂದು. ಆ ವರ್ಷ ಒಂದು ಪ್ರಶ್ನೆ ಬಂತು: ನಿಮ್ಮ ಭಾಗದ ಒಂದು ಬೆಳೆ ಹೊಲದಿಂದ ಪೇಟೆಗೆ ಹೋಗುವ ಬಗೆಯನ್ನು ವಿವರಿಸಿ. ಕಟ್ಟಿನಲ್ಲಿದ್ದ ಉತ್ತರ ಕರ್ಜಗಿಯ ಯಾರೋ ಹುಡುಗ ಬರೆದದ್ದು. 'ಕರ್ಜಗಿಯ ನಮ್ಮ ಎಂಟು ಎಕರೆ ಹೊಲದಲ್ಲಿ ನನ್ನ ತಂದೆಯವರು ಹತ್ತಿ ಬೆಳೆಯುತ್ತಾರೆ' ಎಂದು ಶುರುವಾಗುತ್ತಿತ್ತು. ನನಗೆ ಗೇಣು ಹೊಲವಿಲ್ಲ. ತಂದೆ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದರು. ಯೋಚಿಸದೆ ಅದನ್ನೇ ಇಳಿಸಿ ಕೊಟ್ಟೆ.

ತಿದ್ದಿದ ಹಾಳೆಗಳನ್ನು ಕೊಡುವ ದಿನ ಅಕ್ಕೋರು ಎದ್ದು ನಿಂತರು. "ಕರ್ಜಗಿಯೊಳಗ ಒಬ್ಬ ಪುಣ್ಯಾತ್ಮ ರೈತ ಅದಾನ. ಎಂಟು ಎಕರೆ ಹತ್ತಿ. ಅವಗ ಹತ್ತೊಂಬತ್ತು ಮಕ್ಕಳು. ಎಲ್ಲಾರೂ ಬಿ.ಕಾಂ. ಓದಾಕತ್ತಾರ."

ಕ್ಲಾಸು ತಲೆ ತಗ್ಗಿಸಿತು. ಆಮೇಲೆ ಹಾಳೆ ಹಂಚಿದರು. ಹದಿನೆಂಟು ಮಂದಿಗೆ ಇಪ್ಪತ್ತಕ್ಕೆ ಎಂಟು, ಅಂದರೆ ಪಾಸು. ನನಗೆ ಮಾತ್ರ ಸೊನ್ನೆ. ಸೊನ್ನೆ ಬಂದವನು ಆ ವರ್ಷ ಪರೀಕ್ಷೆಗೆ ಕೂರುವಂತಿರಲಿಲ್ಲ.

"ಅಕ್ಕೋರ, ಎಲ್ಲಾರೂ ಅದನ್ನ ಬರದಾರ್ರಿ. ನನಗಷ್ಟ ಯಾಕ್ರಿ?"

"ಕೈ ತೋರಸು."

ತೋರಿಸಿದೆ. ಎಷ್ಟು ತೊಳೆದರೂ ಹೋಗದ ಕೆಂಪು ಉಗುರಿನ ಸಂದಿಯಲ್ಲಿತ್ತು. ಅವರು ಮೂರು ಸಲ ಸೀನಿದರು.

"ಅವರಿಗೆ ಏನೂ ಗೊತ್ತಿಲ್ಲ, ಇಳಿಸ್ಯಾರ. ನಿನಗ ಗೊತ್ತಿದ್ದೂ ಇಳಿಸೀದಿ. ಈ ಕೈಲೆ ಹತ್ತಿ ಅಂತ ಬರಿಯಾಕ ನಾಚಿಕಿ ಬರಲಿಲ್ಲ?"

"ನಾಳೆ ಬ್ಯಾರೆ ಬರದು ತರತೇನ್ರಿ."

"ಕೊಡೂ ತಾರೀಖು ಇವತ್ತಿಗೆ ಮುಗೀತು," ಎಂದು ಬಳಪ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದರು.

ಪಿತ್ತ ನೆತ್ತಿಗೇರಿತು. ತಪ್ಪು ಹತ್ತೊಂಬತ್ತು ಮಂದಿಯದು, ಶಿಕ್ಷೆ ಒಬ್ಬನಿಗೆ! ಇದು ಯಾವ ಊರಿನ ನ್ಯಾಯ? ಮರುದಿನ ನನಗೆ ಹೇಳದೆ ನನ್ನ ಹೆಂಡತಿ ಮಗಳನ್ನು ಎತ್ತಿಕೊಂಡು ಹಾವೇರಿಗೆ ಅವರ ಮನೆಗೆ ಹೋದಳು. ಅವರು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರಂತೆ. ಮಗಳಿಗೆ ಚುರಮುರಿ ಕೊಟ್ಟರು, ಇವಳಿಗೆ ಚಹಾ ಕೊಟ್ಟರು, ಅಂಕ ಕೊಡಲಿಲ್ಲ. "ನಿನ್ನ ಗಂಡಗ ಬರಿಯಾಕ ಬರತೈತಿ ತಂಗಿ, ಅದಕ್ಕ ಸೊನ್ನಿ. ದಡ್ಡ ಆಗಿದ್ರ ಎಂಟ ಹಾಕಿ ಕಳಸತಿದ್ದೆ," ಎಂದರಂತೆ. ಮನೆಗೆ ಬಂದು ಇವಳು, "ಅವರು ಹೇಳಿದ್ದು ಖರೇ ಐತ್ರಿ," ಎಂದಳು.

ಮಸ್ಕತ್ತಿನವರು ಕಾಯಲಿಲ್ಲ. ಆ ಕೆಲಸ ಹದಿನೆಂಟು ಮಂದಿಯಲ್ಲಿ ಒಬ್ಬನಿಗೆ ಹೋಯಿತು. ಡಬ್ಬಿ, ಕಡ್ಡಿ ಎಂಬ ನಮ್ಮ ಎರಡು ಜಾತಿಯ ಕಾಯಿ ಮುಂದಿಟ್ಟರೆ ಯಾವುದು ಯಾವುದೆಂದು ತಿಳಿಯದೆ ತಲೆ ಕೆರೆದುಕೊಳ್ಳುವ ಮನುಷ್ಯ. ಅವನು ಹೆಂಡತಿ ಮಕ್ಕಳ ಸಮೇತ ರೈಲು ಹತ್ತುವಾಗ ಕಳಿಸಿಕೊಡಲು ನಾನೂ ಸ್ಟೇಷನ್ನಿಗೆ ಹೋಗಿದ್ದೆ, ಹಾರ ಹಾಕಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಕ್ಕೋರ ಮೇಲೆ ನನಗೆ ಎಂಥ ದ್ವೇಷ ಹುಟ್ಟಿತೆಂದರೆ, ಅವರ ಹೆಸರು ಎತ್ತಿದರೆ ಊಟ ಸೇರುತ್ತಿರಲಿಲ್ಲ.

ಮುಂದಿನ ವರ್ಷ ಅದೇ ಪ್ರಶ್ನೆಗೆ ಮತ್ತೆ ಬರೆಯಬೇಕಾಯಿತು, ಈ ಸಲ ಮೆಣಸಿನಕಾಯಿಯ ಬಗ್ಗೆ. ಮೊದಲ ಸಲ ಬರೆದು ಕೊಟ್ಟಾಗ "ಪುಸ್ತಕದ ಮಾತು" ಎಂದು ವಾಪಸು ಕೊಟ್ಟರು. ಎರಡನೇ ಸಲ, "ಇದನ್ನ ನೀ ನೋಡೀದಿ ಏನು? ನೋಡಿದ್ದು ಬರಿ, ಕೇಳಿದ್ದು ಬಿಡು." ಮೂರನೇ ಸಲ ಓದಲೂ ಇಲ್ಲ, ಮೂಸಿ ನೋಡಿ, "ಘಾಟ ಇಲ್ಲ" ಎಂದರು. ಕ್ಲಾಸು ಮತ್ತೆ ನಕ್ಕಿತು.

ನಾಲ್ಕನೇ ಸಲ ಸಿಟ್ಟಿನಿಂದ ಬರೆದೆ. ಡಿಗ್ರಿ ಹಾಳಾಗಿ ಹೋಗಲಿ, ಈ ಮುದುಕಿಯ ಕಣ್ಣಲ್ಲಿ ನೀರು ಬರಬೇಕು ಎಂದುಕೊಂಡು ಇಪ್ಪತ್ತು ಪುಟ ಬರೆದೆ. ತೂಕ ಬರಲೆಂದು ಕಾಯಿಗೆ ನೀರು ಚಿಮುಕಿಸುವುದು, ಚೀಲದ ಬಾಯಿಗೆ ಒಳ್ಳೆಯದು ತಳಕ್ಕೆ ಹಳೆಯದು ತುಂಬುವುದು, ಒದ್ದೆಯಾದದ್ದು ದಾರಿಯಲ್ಲಿ ಹೇಗೆ ಬೂಸ್ಟು ಹಿಡಿಯುತ್ತದೆ, ಅದನ್ನು ಮೂಗು ಹೇಗೆ ಹಿಡಿಯುತ್ತದೆ, ಎಲ್ಲ ಬರೆದೆ. ತೊಟ್ಟು ಬಿಡಿಸುವ ಹೆಂಗಸರ ಬಗ್ಗೆ ಬರೆದೆ. ನನ್ನ ತಾಯಿಯೂ ಅವರಲ್ಲಿ ಒಬ್ಬಳು. ಸಂಜೆ ಮನೆಗೆ ಬಂದರೆ ಅವಳು ನನ್ನನ್ನು ಮುಟ್ಟುತ್ತಿರಲಿಲ್ಲ. ಕೈಗೆ ಎಣ್ಣೆ ಹಚ್ಚಿ, ಮಜ್ಜಿಗೆ ಹಚ್ಚಿ, ತೊಳೆದು, ಆಮೇಲೂ ಧೈರ್ಯ ಸಾಲದೆ ಹಿಂಗೈಯಿಂದ ನನ್ನ ಗಲ್ಲ ಸವರುತ್ತಿದ್ದಳು.

ಅಕ್ಕೋರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡೇ ಅಷ್ಟೂ ಓದಿದರು. ಕಣ್ಣಲ್ಲಿ ನೀರೇನೂ ಬರಲಿಲ್ಲ. ಕೊನೆಯಲ್ಲಿ ಇಪ್ಪತ್ತಕ್ಕೆ ಹದಿಮೂರು ಎಂದು ಬರೆದರು.

"ಏಳು ಯಾಕ ಹ್ವಾದೂರಿ ಅಕ್ಕೋರ?"

"ಕಡೀ ಪುಟದಾಗ ಸಿಟ್ಟು ಕಡಿಮಿ ಆಗೇತಿ. ದಣದಿ ಏನು?"

ಪಾಸಾದೆ. ಪೇಢೆ ತೆಗೆದುಕೊಂಡು ಹೋಗಲಿಲ್ಲ, ಕಾಲಿಗೂ ಬೀಳಲಿಲ್ಲ. ಮಸ್ಕತ್ತಿನವರಿಗೆ ಇನ್ನೊಬ್ಬ ಬೇಕಾಗಿದ್ದ. ಅಲ್ಲಿಯ ಮ್ಯಾನೇಜರು ಬ್ಯಾಡಗಿಗೇ ಬಂದಿದ್ದರು. ನಿಮ್ಮ ಪೇಟೆಯಿಂದ ನಮ್ಮ ಗೋದಾಮಿಗೆ ಬರುವಷ್ಟರಲ್ಲಿ ಮಾಲು ಎಲ್ಲೆಲ್ಲಿ ಕೆಡುತ್ತದೆ ಎಂದು ಹಿಂದಿಯಲ್ಲಿ ಕೇಳಿದರು. ನಾನು ತಡವರಿಸಲೇ ಇಲ್ಲ. ಇಪ್ಪತ್ತೂ ಪುಟ ಬಾಯಲ್ಲಿ ಸಿದ್ಧವಿತ್ತು. ಅಲ್ಲೇ ಕೆಲಸ ಗಟ್ಟಿಯಾಯಿತು.

ಆದರೆ ಮನೆ ಇರಲಿಲ್ಲ. ಸೂಪರ್‌ವೈಸರಿಗೆಂದು ಇದ್ದ ಒಂದು ಮನೆಯಲ್ಲಿ ನನಗಿಂತ ಮೊದಲೇ ಹೋದ ಆ ಹದಿನೆಂಟು ಮಂದಿಯವನು ಇದ್ದ. ಇನ್ನೊಂದು ಸಿಗುವವರೆಗೆ ಒಬ್ಬನೇ ಇರಬೇಕೆಂದರು. ಹೆಂಡತಿ ತನ್ನ ಕರಾರನ್ನು ತಾನೇ ನುಂಗಿಕೊಂಡು ಕಳಿಸಿದಳು. ಎರಡು ವರ್ಷ ಆರು ಜನರ ಕೋಣೆಯಲ್ಲಿ ಮಲಗಿದೆ. ಎರಡು ಸಾವಿರದ ಒಂಬತ್ತರಲ್ಲಿ, ಮನೆ ಸಿಕ್ಕಿತೆಂದು ಇಬ್ಬರನ್ನೂ ಕರೆದೊಯ್ಯಲು ಊರಿಗೆ ಬಂದಾಗ, ಮಗಳು ನನ್ನನ್ನು ಕಂಡು ತಾಯಿಯ ಸೆರಗಿನ ಹಿಂದೆ ಅಡಗಿದಳು. ತಂದ ಗೊಂಬೆಯನ್ನು ಮುಟ್ಟಲಿಲ್ಲ.

ಮಾರನೆಯ ದಿನವೇ ಹಾವೇರಿಗೆ ಹೊರಟೆ. ಈ ಎರಡು ವರ್ಷವನ್ನು ಅವರ ಮುಖದ ಮೇಲೆ ಎಸೆಯಬೇಕು ಎಂದು ರೈಲಿನಲ್ಲಿ ಮಾತು ಜೋಡಿಸಿಕೊಂಡೆ. ಹೊರಡುವ ಮುಂಚೆ ಹಳೆಯ ಅಂಗಡಿಗೆ ಹೋಗಿ ಬಂದಿದ್ದರಿಂದ ಮೈತುಂಬ ಘಾಟಿತ್ತು. ಬಾಗಿಲು ತೆಗೆದ ಅವರ ತಂಗಿಯ ಮಗಳು ಸೀನಿದಳು. ಅಕ್ಕೋರು ಒಳಗೆ ಮಂಚದ ಮೇಲಿದ್ದರು. ಪಾರ್ಶ್ವವಾಯು ಹೊಡೆದು ಬಾಯಿ ಒಂದು ಕಡೆ ಎಳೆದಿತ್ತು. ನಾನು ತೀರಾ ಹತ್ತಿರ ಹೋಗಿ ನಿಂತೆ. ಅವರು ಸೀನಲಿಲ್ಲ. ಒಂದು ಸಲವೂ ಇಲ್ಲ.

"ಬ್ಯಾಡಗಿಯಾಂವ ಬಂದೇನ್ರಿ," ಎಂದೆ.

ನೋಡುತ್ತಲೇ ಇದ್ದರು. ಸುಮ್ಮನೆ ಬಂದುಬಿಡಬೇಕಾಗಿತ್ತು. ಬರಲಿಲ್ಲ. ಸೊನ್ನೆ, ಹಾರ, ಆರು ಜನರ ಕೋಣೆ, ಸೆರಗಿನ ಹಿಂದಿನ ಮಗಳು, ಎಲ್ಲವನ್ನೂ ಒದರಿಬಿಟ್ಟೆ. "ಹದಿನೆಂಟು ಮಂದಿಯನ್ನ ಬಿಟ್ಟಂಗ ನನ್ನನ್ನೂ ಬಿಟ್ಟಿದ್ರ ನಿಮ್ಮ ಗಂಟೇನು ಹೋಗತಿತ್ರಿ?" ಎಂದೂ ಕೇಳಿದೆ. ತಂಗಿಯ ಮಗಳು ಗಾಬರಿಯಾಗಿ ಬಾಗಿಲಲ್ಲಿ ನಿಂತಿದ್ದಳು. ಅಕ್ಕೋರ ಬಾಯಿ ಬಹಳ ಹೊತ್ತು ಅಲುಗಾಡಿತು. ನಾನು ಕಿವಿ ಹತ್ತಿರ ಒಯ್ದೆ.

"ಬರಕೊಂಡು ಬಾ," ಎಂದರು.

ನಾವು ಮೂವರೂ ಮಸ್ಕತ್ತಿಗೆ ಹೋದ ಮೂರನೇ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ನಾನು ಅಳಲಿಲ್ಲ. ಕೆಲಸಕ್ಕೆ ಹೋದೆ, ಚೀಲ ಬಿಚ್ಚಿಸಿದೆ, ಮೂಸಿದೆ. ಮಗಳು ನನ್ನನ್ನು ಅಪ್ಪಾ ಎಂದು ಕರೆಯಲು ಅಲ್ಲಿಂದ ಇನ್ನೂ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳನ್ನೂ ಅವರ ತಲೆಗೇ ಕಟ್ಟಿದ್ದೇನೆ.

ಅಕ್ಕೋರೇ, ತಡವಾಯಿತು, ಕೊಡುವ ತಾರೀಖು ಮುಗಿದೇ ಹೋಗಿದೆ. ಆದರೂ ಬರೆದಿದ್ದೇನೆ. ಯಾರದ್ದನ್ನೂ ಇಳಿಸಿಲ್ಲ, ಎಲ್ಲ ನಾನು ನೋಡಿದ್ದೇ. ಮೊದಲಿನಿಂದ ಮತ್ತೊಮ್ಮೆ ಓದಿ ನೋಡಿದೆ. ಕಡೆಯ ಪುಟದಲ್ಲಿ ಸಿಟ್ಟು ಕಡಿಮೆಯಾಗಿದೆ. ಏಳು ಅಂಕ ಕಳೆಯಿರಿ.